ಉಂಗುರದ ಬೆರಳು

ಮಾಂಟ್ರಿಯಲ್, 19 ಸೆಪ್ಟೆಂಬರ್ 1976

ಲೋ ಫಿರ್ಮಾಂ,

ತಲುಪಿದೆ. ವಿಮಾನದಲ್ಲಿ ಪಕ್ಕದ ಸೀಟಿನಲ್ಲಿ ನೀನಿರಬೇಕಿತ್ತು. ನಿನ್ನ ಬದಲು ಒಬ್ಬ ಚೀಸ್ ವ್ಯಾಪಾರಿ ಕೂತು ಸಮುದ್ರ ದಾಟುವತನಕ ಗೊರಕೆ ಹೊಡೆದ. ಅವನ ಗೊರಕೆಗೂ ಒಂದು ತಾಳವಿತ್ತು. ನೀನಿದ್ದಿದ್ದರೆ ಅದಕ್ಕೊಂದು ರಾಗ ಕಟ್ಟಿಬಿಡುತ್ತಿದ್ದೆ.

ರೆಕಾರ್ಡ್ ಕಂಪನಿಯ ಮ್ಯೂಸ್ಯೆ ತ್ರೆಪಾನ್ಯೆ ವಿಮಾನ ನಿಲ್ದಾಣಕ್ಕೇ ಬಂದಿದ್ದರು. ದಪ್ಪ ಮನುಷ್ಯ, ಬೆಚ್ಚನೆಯ ಕೈ. ನನ್ನ ಹಿಂದೆ ಮುಂದೆ ಕಣ್ಣಾಡಿಸಿ, "ಎಲ್ರೀ ನಿಮ್ಮ ತಮ್ಮ? ನಾನು ಕರೆಸಿದ್ದು ಇಬ್ಬರನ್ನಲ್ವಾ?" ಅಂದರು. ಊರಿನ ಯುವಜನ ಮಂದಿರದಲ್ಲಿ ಮಕ್ಕಳಿಗೆ ಗಿಟಾರ್ ಕಲಿಸಲು ಒಪ್ಪಿಕೊಂಡಿದ್ದಾನೆ, ಕ್ರಿಸ್ಮಸ್‌ತನಕ ಬಿಡುವಂತಿಲ್ಲ, ಜನವರಿಗೆ ಬರ್ತಾನೆ ಅಂದೆ. ಹೇಳುತ್ತಿದ್ದಂತೆ ನನಗೇ ಅದು ಪೊಳ್ಳಾಗಿ ಕೇಳಿಸಿತು. ಎಷ್ಟು ವರ್ಷ ಹಾಡಿದ್ದೇವೋ ನಾವಿಬ್ಬರು! ಮದುವೆ ಮನೆಗಳಲ್ಲಿ, ಮೀನುಗಾರರ ಸಂಘದ ಊಟಗಳಲ್ಲಿ, ಮದಾಂ ದೆಲಮಾರ್ ಕೆಫೆಯ ಮೂಲೆಯಲ್ಲಿ. ಮಾತು ನನ್ನದು, ರಾಗ ನಿನ್ನದು. ಪ್ಯಾರಿಸ್‌ನವರು ಬಾಗಿಲಲ್ಲೇ ಮಾತಾಡಿಸಿ ಕಳಿಸಿದರು. ಈಗ ಸಮುದ್ರದಾಚೆಯ ಒಬ್ಬ ಮನುಷ್ಯ ಒಳಗೆ ಬನ್ನಿ ಅಂದರೆ ನೀನು ನಮ್ಮೂರು ದಿಯೆಪ್‌ನಲ್ಲಿ ಚಿಳ್ಳೆಪಿಳ್ಳೆಗಳಿಗೆ ತಂತಿ ಮೀಟಿಸುತ್ತ ಕೂತಿದ್ದೀಯ.

ಇಲ್ಲಿಯವರ ಮಾತೂ ಫ್ರೆಂಚೇ. ಆದರೆ ನಾನು ಬಾಯಿ ತೆರೆದರೆ, "ಅಬ್ಬಾ, ಎಷ್ಟು ನಾಜೂಕು ರೀ ನಿಮ್ಮ ಮಾತು!" ಎಂದು ನಗುತ್ತಾರೆ. ನಮ್ಮೂರ ಮೀನುಪೇಟೆಯಲ್ಲಿ ಬೆಳೆದವಳು ನಾನು. ನಾಜೂಕಂತೆ!

ನೀನು ಬರುವತನಕ ಲ್ಯೂಡ್ಜೆ ಎಂಬ ಹುಡುಗ ನನಗೆ ಗಿಟಾರ್ ನುಡಿಸುತ್ತಾನೆ. ರಿಮೂಸ್ಕಿ ಕಡೆಯವನು. ಕೇಳಿದ್ದಕ್ಕೆ ಹೂಂ ಅನ್ನುತ್ತಾನೆ, ಕೇಳದಿದ್ದರೆ ಅದೂ ಇಲ್ಲ.

ಒಂದು ಮಾತು. ಬೇಸಿಗೆಯಿಂದಲೇ ನೀನು ನೀನಾಗಿಲ್ಲ. ಬರೀ ಸುಲಭದ ಹಾಡುಗಳನ್ನು ಆರಿಸುತ್ತಿದ್ದೆ. "ಇಳಿತದ ಹೊತ್ತು" ಹಾಡಿನ ನಡುವೆ ನೀನೊಬ್ಬನೇ ನುಡಿಸುವ ಭಾಗವಿದೆಯಲ್ಲ, ಅದನ್ನು ಹಾರಿಸಿಯೇ ಬಿಡುತ್ತಿದ್ದೆ. ಎಲ್ಲೋ ನೋಡುತ್ತಿದ್ದೆ. ಯಾರೋ ಅವಳು? ಬಾಯಿ ಬಿಡು.

ನಿನ್ನ ಅಕ್ಕ,
ಒದೀಲ್


ದಿಯೆಪ್, 4 ಅಕ್ಟೋಬರ್ 1976

ಅಕ್ಕಾ,

ನಿನ್ನ ಮೂಗಿಗೆ ನಮಸ್ಕಾರ. ಸಮುದ್ರದಾಚೆಯಿಂದಲೂ ವಾಸನೆ ಹಿಡಿಯುತ್ತೀಯ.

ಹೆಸರು ಜೋಸ್ಯಾನ್. ಇಂಗ್ಲೆಂಡಿಗೆ ಹೋಗುವ ಹಡಗಿನ ಟಿಕೆಟ್ ಕಿಟಕಿಯಲ್ಲಿ ಕೂರುತ್ತಾಳೆ. ಇಂಗ್ಲಿಷರಿಗೆ ಫ್ರೆಂಚ್ ಬಾರದಿದ್ದರೆ ಇಂಗ್ಲಿಷನ್ನೇ ಕೂಗಿ ಹೇಳುತ್ತಾರಂತೆ, ಕೂಗಿದರೆ ಅರ್ಥವಾದೀತೆಂದು. ಕಿಟಕಿಯ ಕೆಳಗಿನ ಸಂದಿನಿಂದ ಗಾಳಿ ನುಗ್ಗಿ ಮಧ್ಯಾಹ್ನದ ಹೊತ್ತಿಗೆ ಕಾಲು ಮರಗಟ್ಟಿಹೋಗುತ್ತದಂತೆ. ಮೊದಮೊದಲು ಗುರುತಿನವರು ಟಿಕೆಟ್ಟಿಗೆ ಬಂದರೆ ತಲೆ ತಗ್ಗಿಸಿಬಿಡುತ್ತಿದ್ದಳು, ಈಗೀಗ ಅಭ್ಯಾಸವಾಗುತ್ತಿದೆ. ಹೆಚ್ಚು ಮಾತಿನವಳಲ್ಲ. ಇನ್ನೇನು ಹೇಳಲಿ? ನನಗೆ ಅವಳ ಪೂರ್ತಿ ಪರಿಚಯ ಇನ್ನೂ ಆಗಬೇಕು.

ಮದಾಂ ದೆಲಮಾರ್‌ಗೆ ಕಾಗದ ಬರೆದರೆ ಈ ವಿಷಯ ಎತ್ತಬೇಡ ಮಾರಾಯ್ತಿ. ಮರುದಿನವೇ ಊರಿಗೆಲ್ಲ ಡಂಗುರ.

ಪುಟಾಣಿಗಳು ಚೆನ್ನಾಗಿ ಕಲಿಯುತ್ತಿದ್ದಾರೆ. ಲ್ಯೂಡ್ಜೆಗೆ ಹೇಳು: "ಇಳಿತದ ಹೊತ್ತು" ಹಾಡಿನ ನಡುಭಾಗದಲ್ಲಿ ಅವಸರ ಬೇಡ.

ಫಿರ್ಮಾಂ


ಶಿಕೂತಿಮಿ, 7 ನವೆಂಬರ್ 1976

ಕಳ್ಳ ನನ್ನ ತಮ್ಮಾ,

ನಿನ್ನ ಕಾಗದವನ್ನು ನಾವು ಊರೂರು ಸುತ್ತುವ ವ್ಯಾನಿನಲ್ಲಿ ಗಟ್ಟಿಯಾಗಿ ಓದಿದೆ. ಲ್ಯೂಡ್ಜೆ ಕೂಡ ನಕ್ಕ. ಆ ಹುಡುಗಿ ನನಗೆ ಆಗಲೇ ಹಿಡಿಸಿಬಿಟ್ಟಳು. ತಲೆ ತಗ್ಗಿಸುವುದು ಯಾತಕ್ಕಂತೆ? ಕೂತು ದುಡಿದು ತಿನ್ನುವ ಕೆಲಸ, ಕದ್ದದ್ದಲ್ಲ ಕಸಿದದ್ದಲ್ಲ. "ನಮ್ಮಕ್ಕ ಹೀಗಂದಳು" ಎಂದು ಅವಳಿಗೆ ಹೇಳು. ಇದರ ಜೊತೆ ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ. ಮೊದಲ ಹಿಮ ಬಿದ್ದ ದಿನ ಮುದುಕಿಯೊಬ್ಬಳ ಹತ್ತಿರ ಕೊಂಡದ್ದು. ಇಲ್ಲಿಯ ಚಳಿಗೇ ಜಗ್ಗುವುದಿಲ್ಲ, ನಮ್ಮ ಹಡಗುಕಟ್ಟೆಯ ಗಾಳಿ ಯಾವ ಲೆಕ್ಕ!

ಕಛೇರಿಗಳು ನಡೆಯುತ್ತಿವೆ. ಚರ್ಚಿನ ನೆಲಮಾಳಿಗೆ, ಶಾಲೆ, ಕೆಫೆ, ಎಲ್ಲ ಕಡೆ ಹಾಡುತ್ತೇವೆ. ಬಟಾಣಿ ಸಾರು ಕುಡಿದು ಕುಡಿದು ನನ್ನ ಮೈ ಹಸಿರಾಗಿದೆ. ಲ್ಯೂಡ್ಜೆ ಇನ್ನೂ ತಡವರಿಸುತ್ತಾನೆ. ಜನ ನಿನ್ನನ್ನೇ ಕೇಳುತ್ತಾರೆ, "ತಮ್ಮ ಯಾವಾಗ ಬರ್ತಾರೆ?" ಅಂತ.

ಜನವರಿಗೆ ಬರುವಾಗ ಅವಳನ್ನೂ ಕರ್ಕೊಂಡು ಬಾ. ಟಿಕೆಟ್ ಕೊಡುವವಳಿಗೆ ಟಿಕೆಟ್ ಸಿಗುವುದೇನು ಕಷ್ಟ?

ಒದೀಲ್


ದಿಯೆಪ್, 2 ಡಿಸೆಂಬರ್ 1976

ಅಕ್ಕಾ,

ಕಾಲುಚೀಲ ಬಂತು. ಹಿಮ್ಮಡಿಯಲ್ಲಿ ಕೊಂಚ ಬಿಗಿ, ಆದರೂ ದಿನಾ ಹಾಕಿಕೊಳ್ಳುತ್ತಾಳೆ. ನಿನ್ನ ಮಾತು ಹೇಳಿದೆ. ಅವಳು, "ನಿಮ್ಮಕ್ಕ ಒಳ್ಳೆಯವರು" ಅಂದಳು.

ಜನವರಿಗೆ ಆಗುವುದಿಲ್ಲ. ಯುವಜನ ಮಂದಿರದವರು ಈಸ್ಟರ್‌ತನಕ ಇರಲೇಬೇಕೆಂದು ಹಿಡಿದುಕೊಂಡಿದ್ದಾರೆ. ಇಲ್ಲವೆನ್ನಲು ಬಾಯಿ ಬರಲಿಲ್ಲ. ಬೈಯಬೇಡ.

ಫಿರ್ಮಾಂ


ಮಾಂಟ್ರಿಯಲ್, 29 ಡಿಸೆಂಬರ್ 1976

ಫಿರ್ಮಾಂ,

ಬೈಯುವುದಿಲ್ಲ. ಬೈಗುಳಕ್ಕೂ ಒಂದು ಸಲಿಗೆ ಬೇಕು.

ನನ್ನ ಹದಿನೆಂಟರ ಪ್ರಾಯದಿಂದ ನಿನ್ನ ಗಿಟಾರಿನ ಪೆಟ್ಟಿಗೆಯ ಒಂದು ತುದಿ ನಾನು ಹಿಡಿದಿದ್ದೇನೆ. ನೀನು ಜ್ವರ ಬಂದಾಗ ನುಡಿಸಿದೆ, ಹಲ್ಲು ಕೀಳಿಸಿಕೊಂಡ ಸಂಜೆ ನುಡಿಸಿದೆ. ಈಗ ಒಂದು ಹುಡುಗಿಯ ಕಾಲು ಬೆಚ್ಚಗಿರಲೆಂದು ಎಲ್ಲವನ್ನೂ ಬಿಡುತ್ತೀಯ? ಮಂದಿರ ಗಿಂದಿರ ಎಂದು ನನ್ನ ಕಿವಿಗೆ ಹೂ ಇಡಬೇಡ. ತ್ರೆಪಾನ್ಯೆ ಸಾಹೇಬರ ಮಾತು ನೇರ: "ರೆಕಾರ್ಡ್ ಮಾಡೋದಾದ್ರೆ ಈ ಚಳಿಗಾಲದಲ್ಲೇ. ತಮ್ಮನೋ ಪಕ್ಕದ ಮನೆಯವನೋ, ಕೂತು ನುಡಿಸೋರು ನನಗೆ ಬೇಕು."

ಜೋಸ್ಯಾನ್ ಕೈಯಲ್ಲೇ ನನಗೆ ಒಂದು ಸಾಲು ಬರೆಸು. ನಿನ್ನನ್ನು ಬಿಡುವುದಿಲ್ಲ ಎಂದು ಅವಳೇ ಬರೆಯಲಿ. ಆಗ ನಂಬುತ್ತೇನೆ.

ಒದೀಲ್ ಕೆನೆಲ್


ದಿಯೆಪ್, 20 ಮಾರ್ಚ್ 1977

ಅಕ್ಕಾ,

ಇಷ್ಟು ದಿನ ಬರೆಯಲಿಲ್ಲ. ಜೋಸ್ಯಾನ್ ಹೋದಳು. ನ್ಯೂಹೇವನ್‌ನ ಒಬ್ಬ ಇಂಗ್ಲಿಷಿನವನ ಜೊತೆ, ಅದೇ ಹಡಗಿನಲ್ಲಿ. ಅವಳನ್ನು ದೂರಬೇಡ. ಈ ವಿಷಯವನ್ನು ಮತ್ತೆ ಎತ್ತಲೂ ಬೇಡ.

ರೆಕಾರ್ಡಿಗೆ ಲ್ಯೂಡ್ಜೆಯೇ ನುಡಿಸಲಿ.

ಫಿರ್ಮಾಂ


ಮಾಂಟ್ರಿಯಲ್, 2 ಏಪ್ರಿಲ್ 1977

ನನ್ನ ಕಂದಾ,

ಡಿಸೆಂಬರಿನ ನನ್ನ ಕಾಗದವನ್ನು ಒಲೆಗೆ ಹಾಕು. ಆ ಹುಡುಗಿಯ ಮೇಲೆ ನನಗೆ ಸಿಟ್ಟೂ ಬರುತ್ತಿಲ್ಲ, ಅಳು ಬರುತ್ತಿದೆ. ನಿಮ್ಮಿಬ್ಬರಿಗೆ ಮದುವೆಯ ಹಾಡು ಬರೆಯಲು ಕೂತಿದ್ದೆ. ಎರಡು ಚರಣ ಆಗಿತ್ತು.

ಕೇಳು. ಈಗ ನಿನ್ನನ್ನು ಅಲ್ಲಿ ಕಟ್ಟಿಹಾಕಿರುವುದಾದರೂ ಏನು? ಏನೂ ಇಲ್ಲ. ಈ ಲಕೋಟೆಯಲ್ಲಿ ವಿಮಾನದ ಟಿಕೆಟ್ ಇದೆ, ಮೇ ಮೊದಲ ವಾರದ್ದು. ಗಿಟಾರ್ ಎತ್ತಿಕೊಂಡು ಬಾ. ಮನಸ್ಸು ಮುರಿದವನು ನುಡಿಸಿದರೆ ಇನ್ನೂ ಚೆನ್ನಾಗಿರುತ್ತದೆ ಎಂದು ಮದಾಂ ದೆಲಮಾರ್ ಹೇಳುತ್ತಿರಲಿಲ್ಲವೇ?

ಬರುತ್ತೇನೆ ಎಂದಷ್ಟೇ ಬರೆ.

ಅಕ್ಕ


ದಿಯೆಪ್, 17 ಏಪ್ರಿಲ್ 1977

ಅಕ್ಕಾ,

ಟಿಕೆಟ್ ವಾಪಸು ಕಳಿಸಿದ್ದೇನೆ. ಈ ಕಾಗದವನ್ನು ವ್ಯಾನಿನಲ್ಲಿ ಗಟ್ಟಿಯಾಗಿ ಓದಬೇಡ.

ಜೋಸ್ಯಾನ್ ಎಂಬವಳು ಇಲ್ಲ. ಯಾವತ್ತೂ ಇರಲಿಲ್ಲ. ಹಡಗಿನ ಟಿಕೆಟ್ ಕಿಟಕಿಯಲ್ಲಿ ಕೂರುವವನು ನಾನು. ಕಾಲು ಮರಗಟ್ಟುತ್ತಿದ್ದದ್ದು ನನ್ನದು, ಗುರುತಿನವರನ್ನು ಕಂಡು ತಲೆ ತಗ್ಗಿಸುತ್ತಿದ್ದವನು ನಾನು, ನೀನು ಕಳಿಸಿದ ಕಾಲುಚೀಲ ಹಾಕಿಕೊಂಡವನೂ ನಾನೇ. ಯುವಜನ ಮಂದಿರವೂ ಸುಳ್ಳು. ಯಾವ ಮಗುವಿಗೂ ನಾನು ಏನೂ ಕಲಿಸಿಲ್ಲ. ಕಲಿಸಲಾರೆ.

ಹೋದ ಜೂನಿನಲ್ಲಿ ಫೆಕಾಂ ಊರಿನ ಕಛೇರಿ ನೆನಪಿದೆಯೇ? "ಇಳಿತದ ಹೊತ್ತು" ನಡುವೆ ನನ್ನ ಎಡಗೈಯ ಉಂಗುರದ ಬೆರಳು ತಾನಾಗಿ ಒಳಕ್ಕೆ ಮಡಚಿಕೊಂಡಿತು. ಮುಟ್ಟಿದ ಬಸವನಹುಳುವಿನ ಹಾಗೆ. ಬೆವರಿಗೆ ಜಾರಿತು ಅಂದುಕೊಂಡೆ. ಮರುದಿನ ಮನೆಯಲ್ಲೂ ಹಾಗೇ ಆಯಿತು. ಸಾಧನೆ ಸಾಲದು ಎಂದು ಇನ್ನಷ್ಟು ಕೂತೆ, ಇನ್ನಷ್ಟು ಕೆಟ್ಟಿತು. ಬಟ್ಟೆ ಸುತ್ತಿ ನೋಡಿದೆ, ಪಕ್ಕದ ಬೆರಳಿಗೆ ಕಟ್ಟಿ ನೋಡಿದೆ. ನೋವಿಲ್ಲ ಅಕ್ಕಾ, ಅದೇ ವಿಚಿತ್ರ. ಇದೇ ಕೈಯಲ್ಲಿ ಸೀಗಡಿ ಸುಲಿಯುತ್ತೇನೆ, ಅಂಗಿಯ ಗುಂಡಿ ಹಾಕುತ್ತೇನೆ, ಚಿಲ್ಲರೆ ಎಣಿಸುತ್ತೇನೆ. ಬೇರೆ ಎಲ್ಲದಕ್ಕೂ ಆ ಬೆರಳು ಹೇಳಿದ ಮಾತು ಕೇಳುತ್ತದೆ. ಗಿಟಾರಿನ ಕತ್ತು ಹಿಡಿದ ಕೂಡಲೇ ಒಳಗೆ ಸುತ್ತಿಕೊಳ್ಳುತ್ತದೆ.

ನೀನು ಹೊರಡುವುದಕ್ಕೆ ಮೊದಲು ಹೇಳಬೇಕಿತ್ತು. ಹೇಳಿದ್ದರೆ ನೀನು ಹೊರಡುತ್ತಿರಲಿಲ್ಲ. ಹುಡುಗಿ ಯಾರೋ ಎಂದು ನೀನೇ ಕೇಳಿದೆ, ನಾನು ಒಬ್ಬಳನ್ನು ಕೂರಿಸಿಬಿಟ್ಟೆ.

ಫೆಬ್ರವರಿಯಲ್ಲಿ ರುವಾಂ ಪಟ್ಟಣದ ಒಬ್ಬ ವೈದ್ಯರ ಹತ್ತಿರ ಹೋಗಿದ್ದೆ. ಎಕ್ಸ್‌ರೇ ತೆಗೆದರು, ಸೂಜಿ ಚುಚ್ಚಿದರು, ಬಿಸಿ ಮೇಣದಲ್ಲಿ ಕೈ ಅದ್ದಿಸಿದರು. ಕೊನೆಗೆ, "ಕೈಯಲ್ಲಿ ಏನೂ ಇಲ್ಲಪ್ಪ" ಅಂದರು.

"ಮತ್ತೆ ಯಾಕೆ ಹೀಗಾಗುತ್ತೆ ಡಾಕ್ಟ್ರೇ?"

"ನಿಮ್ಮಕ್ಕನಿಗೆ ಹೆಸರು ಬರ್ತಾ ಇದೆ ಅಂದ್ರಲ್ಲ. ಹೊಟ್ಟೆಕಿಚ್ಚು ಏನಾದ್ರೂ ಉಂಟಾ? ಮನಸ್ಸು ಬೇಡ ಅಂದದ್ದನ್ನ ಕೈ ಮಾಡೋದಿಲ್ಲ."

ಇಲ್ಲ ಎಂದು ಎದ್ದು ಬಂದೆ. ರೈಲಿನಲ್ಲಿ ದಾರಿಯುದ್ದಕ್ಕೂ ಅದೇ ಯೋಚನೆ. ಇಲ್ಲವೇ ಇಲ್ಲ ಎಂದು ನನಗೆ ಆಣೆ ಇಟ್ಟು ಹೇಳಲಾಗಲಿಲ್ಲ ಅಕ್ಕಾ. ಅದನ್ನೂ ಬರೆದುಬಿಡುತ್ತೇನೆ, ಇನ್ನು ಒಳಗೆ ಇಟ್ಟುಕೊಳ್ಳಲು ಜಾಗವಿಲ್ಲ.

ಫಿರ್ಮಾಂ


ಮಾಂಟ್ರಿಯಲ್, 8 ಮೇ 1977

ಫಿರ್ಮಾಂ, ಕಂದಾ,

ಭಾನುವಾರ ಮದಾಂ ದೆಲಮಾರ್ ಕೆಫೆಗೆ ಫೋನ್ ಮಾಡಿದಾಗ ನೀನು ಉಸಿರಾಡುವುದು ಕೇಳಿಸಿತು. ಹಿಂದಿನಿಂದ ಅವಳು, "ಮಾತಾಡ್ರೋ! ಸಮುದ್ರದಾಚೆಯಿಂದ ಮಾಡ್ತಿದಾಳೆ, ಮೂಕರ ಹಾಗೆ ನಿಂತಿದೀರಲ್ಲ!" ಎಂದು ಕೂಗಿದ್ದೂ ಕೇಳಿಸಿತು. ನೀನು "ಇಲ್ಲಿ ಮಳೆ" ಅಂದೆ. ನಾನು "ಇಲ್ಲಿ ಹಿಮ ಕರಗ್ತಿದೆ" ಅಂದೆ. ಅಷ್ಟೇ.

ಈಗ ನನ್ನ ಸರದಿ. ಡಿಸೆಂಬರಿನಲ್ಲಿ ನಿನಗೆ ಆ ಕೆಟ್ಟ ಕಾಗದ ಬರೆಯುವ ಹೊತ್ತಿಗೆ ನಾನಾಗಲೇ ಕರಾರಿಗೆ ಸಹಿ ಹಾಕಿದ್ದೆ. ಮೂರು ರೆಕಾರ್ಡಿಗೆ, ಲ್ಯೂಡ್ಜೆಯ ಗಿಟಾರಿಗೆ. ನೀನು ಈಸ್ಟರ್ ಅಂದದ್ದೇ ತಡ, ಉರಿದುಹೋಗಿ ಲೇಖನಿ ಎತ್ತಿಕೊಂಡೆ. ಯಾವ ಹುಡುಗಿಯ ಮೇಲಿನ ಸಿಟ್ಟಿಗೆ ಸಹಿ ಹಾಕಿದೆನೋ ಅವಳೇ ಇರಲಿಲ್ಲ! ಫೆಬ್ರವರಿಯಲ್ಲಿ ಮೊದಲ ರೆಕಾರ್ಡೂ ಮುಗಿಯಿತು. ಹಾಗಾದರೆ ಏಪ್ರಿಲ್‌ನಲ್ಲಿ ಟಿಕೆಟ್ ಯಾಕೆ ಕಳಿಸಿದೆ ಎಂದು ಕೇಳುತ್ತೀಯ. ನೀನು ಎದುರಿಗೆ ಬಂದು ನಿಂತರೆ ತ್ರೆಪಾನ್ಯೆ ಸಾಹೇಬರು ಇಲ್ಲ ಅನ್ನಲಾರರು ಎಂದುಕೊಂಡೆ.

ಲ್ಯೂಡ್ಜೆ ತಡವರಿಸುತ್ತಾನೆ ಅಂದದ್ದೂ ಸುಳ್ಳು. ಮೊದಲ ದಿನದಿಂದಲೂ ಅವನು ಚೆನ್ನಾಗಿಯೇ ನುಡಿಸುತ್ತಿದ್ದಾನೆ. ಜನ ನಿನ್ನನ್ನು ಕೇಳುತ್ತಿರಲಿಲ್ಲ. ಅವರಿಗೆ ನೀನು ಯಾರೆಂದೇ ಗೊತ್ತಿರಲಿಲ್ಲ.

ಎಲ್ಲ ಬಿಟ್ಟು ಊರಿಗೆ ಹೋಗಲೇ ಎಂದು ಕೇಳಿದೆ. ಸಾಹೇಬರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಕನ್ನಡಕ ತೆಗೆದು ಒರೆಸುತ್ತ, "ಹೋಗಿ ಏನು ಮಾಡ್ತೀರಮ್ಮಾ ಅಲ್ಲಿ?" ಅಂದರು. ಆ ಪ್ರಶ್ನೆಯನ್ನು ನಿನಗೇ ಕಳಿಸುತ್ತಿದ್ದೇನೆ. ಉತ್ತರ ಹೊಳೆದರೆ ಬರೆ. ಇವತ್ತೇ ಹೊರಡುತ್ತೇನೆ.

ಆ ವೈದ್ಯರ ಮಾತನ್ನು ನಾನು ನಂಬುವುದಿಲ್ಲ. ನಿಜವಿದ್ದರೂ ನಂಬುವುದಿಲ್ಲ.

ಅಕ್ಕ


ದಿಯೆಪ್, 11 ಜೂನ್ 1977

ಅಕ್ಕಾ,

ರೆಕಾರ್ಡ್ ಬಂತು. ಕೆಫೆಯಲ್ಲಿ ಹಾಕಿದೆವು. ಬಲೆ ಹೆಣೆಯುವವರೂ ಬಂದು ಕೂತರು. ಮದಾಂ ದೆಲಮಾರ್ ಅತ್ತು, ಅತ್ತದ್ದಕ್ಕೆ ಈರುಳ್ಳಿಯನ್ನು ದೂರಿದಳು. ಈರುಳ್ಳಿ ಎಲ್ಲೂ ಇರಲಿಲ್ಲ. ಹೊದಿಕೆಯ ಮೇಲೆ "ರಾಗ: ಫಿರ್ಮಾಂ ಕೆನೆಲ್" ಎಂದು ಅಚ್ಚಾಗಿರುವುದನ್ನು ಎಲ್ಲರಿಗೂ ಬೆರಳಿಟ್ಟು ತೋರಿಸಿದಳು.

"ಇಳಿತದ ಹೊತ್ತು" ನಡುಭಾಗವನ್ನು ಲ್ಯೂಡ್ಜೆ ನನಗಿಂತ ಚೆನ್ನಾಗಿ ನುಡಿಸಿದ್ದಾನೆ. ಅವಸರ ಬೇಡ ಎಂದು ನಾನೇ ಹೇಳಿ ಕಳಿಸಿದ್ದೆ. ಅವಸರ ನನ್ನದಾಗಿತ್ತು. ಅವನು ಕಾಯುತ್ತಾನೆ. ಅದನ್ನು ಕೇಳಿ ಖುಷಿಯಾಯಿತು. ಆಮೇಲೆ ಹೊರಗೆ ಹೋಗಿ ದಂಡೆಯ ಕಲ್ಲುಗಳ ಮೇಲೆ ಕೂತೆ. ಇನ್ನೊಂದು ರೆಕಾರ್ಡ್ ಬಂದರೂ ಖುಷಿಪಡುತ್ತೇನೆ, ಆದರೆ ಇಂಥ ಖುಷಿ ಮೈಗೆ ಬಲು ಭಾರ.

ನೀನು ಬರಬೇಡ. ಬಂದು ನನ್ನ ಬೆರಳನ್ನು ನೋಡುತ್ತ ಕೂರುತ್ತೀಯ, ನಾನು ನಿನ್ನ ಮುಖ ನೋಡುತ್ತ ಕೂರುತ್ತೇನೆ.

ಎರಡನೇ ರೆಕಾರ್ಡಿಗೆ ಹೊಸ ರಾಗ ಬೇಕು, ಬಾಯಲ್ಲಿ ಗುನುಗಿ ಕ್ಯಾಸೆಟ್ ಮಾಡಿ ಕಳಿಸು ಎಂದು ಲ್ಯೂಡ್ಜೆ ಪಾಪ ತಾನೇ ರೆಕಾರ್ಡಿನೊಳಗೆ ಚೀಟಿ ಬರೆದಿಟ್ಟಿದ್ದ. ಅಷ್ಟೊಂದು ಮಾತು ಅವನಿಗೆ ಎಲ್ಲಿಂದ ಬಂತೋ! ಪ್ರಯತ್ನ ಮಾಡಿದೆ. ಅದರ ಜೊತೆ ನೀನು ಕಳಿಸಿದ ಹೊಸ ಚರಣಗಳನ್ನು ಮುಂದಿಟ್ಟುಕೊಂಡು ಕೂತೆ. ಏನೂ ಬರಲಿಲ್ಲ. ರಾಗ ನನ್ನ ತಲೆಯೊಳಗಿದೆ ಎಂದೇ ಇಷ್ಟು ವರ್ಷ ತಿಳಿದಿದ್ದೆ. ಅದು ಇದ್ದದ್ದು ಬೆರಳಿನಲ್ಲಿ. ಬೆರಳು ಹುಡುಕುತ್ತಿತ್ತು, ನಾನು ಹಿಂದೆ ಹೋಗುತ್ತಿದ್ದೆ, ಅಷ್ಟೇ.

ಬೇರೆಯವರಿಂದ ರಾಗ ಹಾಕಿಸು. ನನಗೆ ಬೇಜಾರಿಲ್ಲ.

ಫಿರ್ಮಾಂ


ಮಾಂಟ್ರಿಯಲ್, 12 ಸೆಪ್ಟೆಂಬರ್ 1977

ಫಿರ್ಮಾಂ,

ಮೂರು ಕಾಗದ ಬರೆದೆ, ನೀನು ಒಂದಕ್ಕೂ ಉತ್ತರಿಸಲಿಲ್ಲ. ಇದಕ್ಕಾದರೂ ಉತ್ತರಿಸು.

ರೆಕಾರ್ಡ್ ಇಲ್ಲಿ ಓಡಿದ ಮೇಲೆ ಪ್ಯಾರಿಸ್‌ನವರಿಗೆ ನಮ್ಮ ನೆನಪು ಬಂದಿದೆ. ಹೊರಗಿನಿಂದ ಬಂದರೆ ಮನೆಯ ಬೆಕ್ಕೂ ಹುಲಿ. ಅಕ್ಟೋಬರ್ 14ರಂದು ರುವಾಂನಲ್ಲಿ ಹಾಡುತ್ತೇನೆ, ಮರುದಿನ ಬೆಳಿಗ್ಗೆಯೇ ಲೀಲ್ ಪಟ್ಟಣಕ್ಕೆ ಓಡಬೇಕು. ದಿಯೆಪ್‌ಗೆ ಬರಲು ಒಂದು ಹೊತ್ತೂ ಬಿಡುವು ಕೊಡಲಿಲ್ಲ, ಎಷ್ಟು ಬೇಡಿಕೊಂಡರೂ.

ನೀನು ರೈಲು ಹತ್ತಿದರೆ ಬಂದೇ ಬಿಡುತ್ತೀಯ. ಸುಮ್ಮನೆ ವೇದಿಕೆ ಹತ್ತಿ ನನ್ನ ಪಕ್ಕ ಕೂತ್ಕೋ. ನುಡಿಸುವುದು ಬೇಡ. ಎರಡನೇ ದನಿ ಹಾಡು, ಹಾಡದಿದ್ದರೆ ಕೂತಿರು ಸಾಕು. ನಿನ್ನ ಕುರ್ಚಿ ಹಾಕಿಸಿರುತ್ತೇನೆ.

ಅಕ್ಕ


ಲೀಲ್, 15 ಅಕ್ಟೋಬರ್ 1977

ನೀನು ಬರಲಿಲ್ಲ.

ಕುರ್ಚಿ ಹಾಕಿಸಿದ್ದೆ. "ಖಾಲಿ ಕುರ್ಚಿ ನೋಡಿದ್ರೆ ಜನ ಏನಂದ್ಕೋತಾರೆ, ತೆಗೀರಿ" ಅಂದರು. ತೆಗೆಯಲು ಬಿಡಲಿಲ್ಲ. ಕೊನೆಯ ಹಾಡಿನವರೆಗೂ ಪಕ್ಕದ ಬಾಗಿಲನ್ನೇ ನೋಡುತ್ತಿದ್ದೆ. ಎರಡು ಕಡೆ ಮಾತು ಮರೆತೆ, ನಾನೇ ಬರೆದ ಮಾತು.

ನನ್ನ ಮೇಲೆ ಸಿಟ್ಟಿದ್ದರೆ ಸಿಟ್ಟೆಂದು ಬರೆ. ಆ ವೈದ್ಯರು ಹೇಳಿದ್ದೇ ಸರಿ ಎಂದಾದರೂ ಬರೆ. ಏನಾದರೂ ಬರೆ.

ಒದೀಲ್


ದಿಯೆಪ್, 18 ಅಕ್ಟೋಬರ್ 1977

ಅಕ್ಕಾ,

ಬಂದಿದ್ದೆ.

ಹಿಂದಿನಿಂದ ಮೂರನೇ ಸಾಲು, ಗೋಡೆಯ ಪಕ್ಕ. ನೀನು ಬಾಗಿಲು ನೋಡುತ್ತಿದ್ದದ್ದನ್ನು ನೋಡಿದೆ. ಮಾತು ಮರೆತದ್ದು ಎರಡು ಕಡೆಯಲ್ಲ, ಮೂರು ಕಡೆ. ಲ್ಯೂಡ್ಜೆ ಒಳ್ಳೆಯವನು, ನೀನು ಎಡವಿದಲ್ಲೆಲ್ಲ ನಿಂತು ಕಾದ. ನನ್ನ ಪಕ್ಕ ಕೂತಿದ್ದ ಹೆಂಗಸು ಕೆಮ್ಮಿನ ಮಿಠಾಯಿ ಕೊಡುತ್ತ, "ಆ ಖಾಲಿ ಕುರ್ಚಿ ಯಾರದ್ದಂತೆ? ಸತ್ತುಹೋದವರದ್ದಾ?" ಎಂದು ಪಿಸುಗುಟ್ಟಿದಳು. "ಗೊತ್ತಿಲ್ಲಮ್ಮ, ಊಟಕ್ಕೆ ಹೋಗಿರಬೇಕು" ಅಂದೆ. ನಕ್ಕಳು.

ಹಾಡು ಮುಗಿದ ಮೇಲೆ ವೇದಿಕೆಯ ಹಿಂದೆ ಬಂದು ನಿನ್ನನ್ನು ಕಾಣದೆ ಹೋದದ್ದಕ್ಕೆ ಸಿಟ್ಟು ಕಾರಣವಲ್ಲ. ನಿನ್ನ ಮುಖ ನೋಡಿದೆನಲ್ಲ. ನಾನು ಬಂದು ನಿಂತಿದ್ದರೆ ನೀನು ಲೀಲ್‌ಗೆ ಹೋಗುತ್ತಿರಲಿಲ್ಲ.

ಇನ್ನೊಂದು ಸಂಗತಿ. ಬರೆಯಲೋ ಬೇಡವೋ ಎಂದು ಮೂರು ದಿನ ಯೋಚಿಸಿದೆ. ನೀನು "ಇಳಿತದ ಹೊತ್ತು" ಎತ್ತಿಕೊಂಡಾಗ ನನ್ನ ಎಡಗೈ ತೊಡೆಯ ಮೇಲಿತ್ತು. ಅದು ತಾನಾಗಿ ನುಡಿಸತೊಡಗಿತು. ಮೊದಲು ನನಗೆ ತಿಳಿಯಲೂ ಇಲ್ಲ, ಪಕ್ಕದ ಹೆಂಗಸು ನೋಡುತ್ತಿದ್ದದ್ದರಿಂದ ತಿಳಿಯಿತು. ಪ್ಯಾಂಟಿನ ಬಟ್ಟೆಯ ಮೇಲೆ ಒಂದೊಂದೇ ಸ್ವರ ಒತ್ತುತ್ತ ಹೋಯಿತು. ನಡುಭಾಗ ಬಂದಾಗ ಉಂಗುರದ ಬೆರಳು ನೆಟ್ಟಗೆ ಹೋಗಿ ಎಲ್ಲಿ ಕೂರಬೇಕೋ ಅಲ್ಲೇ ಕೂತಿತು. ಕೊನೆಯತನಕ ಒಮ್ಮೆಯೂ ಮಡಚಲಿಲ್ಲ ಅಕ್ಕಾ. ಒಂದೇ ಒಂದು ಸ್ವರ ತಪ್ಪಲಿಲ್ಲ.

ರೈಲಿನಲ್ಲಿ ಆ ಕೈಯನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದೆ. ಮನೆಗೆ ಬಂದು ಗಿಟಾರಿನ ಪೆಟ್ಟಿಗೆಯ ಮುಂದೆ ಕೂತೆ. ಬೆರಳು ಮಡಚುತ್ತದೋ ಇಲ್ಲವೋ ಎಂದು ತೆಗೆದು ನೋಡಬಹುದಿತ್ತು. ತೆಗೆಯಲಿಲ್ಲ.

ಫಿರ್ಮಾಂ